ಒಂದು ಹನಿ ರಕ್ತ ಚಿಪ್‌ನೊಳಗೆ ಹೋದ ಮೇಲೆ: ಅಂಗೈಯಗಲದ ಲ್ಯಾಬ್ ಕೆಲಸ ಮಾಡುವ ಬಗೆ

ಬೆರಳ ತುದಿ ಚುಚ್ಚಿದಾಗ ಉಬ್ಬಿ ನಿಲ್ಲುವ ಹನಿಯಲ್ಲಿ ಸುಮಾರು 20ರಿಂದ 50 ಮೈಕ್ರೋಲೀಟರ್ ರಕ್ತ ಇರುತ್ತದೆ. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮಿಲಿಮೀಟರ್ ಇರುವ ಪುಟ್ಟ ಘನವೊಂದನ್ನು ನೆನೆದುಕೊಳ್ಳಿ. ಅದರಲ್ಲಿ ಹಿಡಿಯುವಷ್ಟೇ ಒಂದು ಮೈಕ್ರೋಲೀಟರ್. ಅಂಥ ಮೂವತ್ತು-ನಲವತ್ತು ಘನದಷ್ಟು ರಕ್ತವನ್ನು ಒಂದು ಪ್ಲಾಸ್ಟಿಕ್ ಕಾರ್ಟ್ರಿಜ್‌ನ ಬಾಯಿಗೆ ಮುಟ್ಟಿಸಿದರೆ ಕೆಲವೇ ನಿಮಿಷಗಳಲ್ಲಿ, ರೋಗಿ ಇನ್ನೂ ಎದುರಿಗೆ ಕೂತಿರುವಾಗಲೇ, ಉತ್ತರ ಸಿಗುತ್ತದೆ. ಇದನ್ನೇ ಲ್ಯಾಬ್-ಆನ್-ಎ-ಚಿಪ್ ಎನ್ನುತ್ತಾರೆ.

ದೊಡ್ಡ ಲ್ಯಾಬ್‌ನಲ್ಲಿ ಇದೇ ಪರೀಕ್ಷೆಗೆ ತೋಳಿನ ರಕ್ತನಾಳದಿಂದ ಕೆಲವು ಮಿಲಿಲೀಟರ್ ರಕ್ತ ತೆಗೆಯುತ್ತಾರೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಪ್ಲಾಸ್ಮಾ (ಕಣಗಳನ್ನು ಕಳೆದ ಮೇಲೆ ಉಳಿಯುವ ರಕ್ತದ ತಿಳಿ) ಬೇರ್ಪಡಿಸುತ್ತಾರೆ, ಪಿಪೆಟ್‌ನಲ್ಲಿ ಅಳೆಯುತ್ತಾರೆ, ರೀಏಜೆಂಟ್ (ಪರೀಕ್ಷೆಯ ರಾಸಾಯನಿಕ) ಬೆರೆಸುತ್ತಾರೆ, ಬೆಚ್ಚಗಿಟ್ಟು ಕಾಯುತ್ತಾರೆ, ತೊಳೆಯುತ್ತಾರೆ, ಕೊನೆಗೆ ಬೆಳಕನ್ನೋ ಕರೆಂಟನ್ನೋ ಅಳೆಯುತ್ತಾರೆ. ಚಿಪ್ ಇವುಗಳಲ್ಲಿ ಒಂದನ್ನೂ ಬಿಡುವುದಿಲ್ಲ. ಟೆಕ್ನಿಷಿಯನ್ ಕೈಯಲ್ಲಿ ನಡೆಯುತ್ತಿದ್ದ ಅಳತೆ, ಬೆರಕೆ, ಕಾಯುವುದು, ತೊಳೆಯುವುದು ಎಲ್ಲವೂ ಇಲ್ಲಿ ನಾಳದ ಉದ್ದ, ಆಳ, ತಿರುವುಗಳೊಳಗೆ ಸೇರಿಕೊಂಡಿವೆ. ಚಿಪ್ ಯಾಕೆ ಗೆಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಅರ್ಥವಾಗಬೇಕಾದರೆ ಆ ಹನಿಯ ಹಿಂದೆಯೇ ಒಳಗೆ ಹೋಗಬೇಕು.

ಕಲ್ಪನೆ ಹೊಸದಲ್ಲ. 1979ರಲ್ಲೇ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಸಿಲಿಕಾನ್ ಬಿಲ್ಲೆಯೊಂದರ ಮೇಲೆ ಅನಿಲ ಮಿಶ್ರಣವನ್ನು ಬಿಡಿಬಿಡಿಯಾಗಿ ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಕೆತ್ತಿದ್ದರು. ಇಡೀ ವಿಶ್ಲೇಷಣೆಯನ್ನು ಒಂದೇ ಪುಟ್ಟ ವ್ಯವಸ್ಥೆಯೊಳಗೆ ತರಬೇಕೆಂಬ ಪ್ರಸ್ತಾವವನ್ನು ಆಂಡ್ರಿಯಾಸ್ ಮಾಂಜ್ ಮತ್ತು ಸಂಗಡಿಗರು 1990ರಲ್ಲಿ ಸ್ಪಷ್ಟವಾಗಿ ಮುಂದಿಟ್ಟರು. ಅಂದಿನಿಂದ ಸಾವಿರಾರು ಬಗೆಯ ಚಿಪ್‌ಗಳು ಸಂಶೋಧನಾ ಲೇಖನಗಳಲ್ಲಿ ಕಾಣಿಸಿಕೊಂಡಿವೆ. ರೋಗಿಯ ಹಾಸಿಗೆಯ ಪಕ್ಕಕ್ಕೆ ಬಂದು ನಿಂತವು ಬೆರಳೆಣಿಕೆಯಷ್ಟು. ಕಾರಣ ಹೆಚ್ಚಿನ ಪಾಲು ಚಿಪ್‌ನ ನಡುವೆ ಸಿಗುವುದಿಲ್ಲ. ರಕ್ತ ಒಳಗೆ ಬರುವ ಬಾಯಿಯಲ್ಲಿ ಮತ್ತು ಉತ್ತರ ಹೊರಗೆ ಹೋಗುವ ಬಾಗಿಲಲ್ಲಿ ಸಿಗುತ್ತದೆ.

ಕಿರಿದಾದರೆ ಏನು ಬದಲಾಗುತ್ತದೆ

ಚಿಪ್‌ನ ನಾಳಗಳ ಅಗಲ ಸಾಮಾನ್ಯವಾಗಿ ಹತ್ತಾರರಿಂದ ಕೆಲವು ನೂರು ಮೈಕ್ರೋಮೀಟರ್. ಲೆಕ್ಕಕ್ಕೆ 100 ಮೈಕ್ರೋಮೀಟರ್ ಅಗಲ, ಅಷ್ಟೇ ಆಳ ಎಂದಿಟ್ಟುಕೊಳ್ಳೋಣ. ಕೂದಲೆಳೆಯ ದಪ್ಪಕ್ಕೆ ಹತ್ತಿರದ ಅಳತೆ. ಇಂಥ ನಾಳದ ಒಂದು ಸೆಂಟಿಮೀಟರ್ ಉದ್ದದಲ್ಲಿ ಹಿಡಿಯುವುದು ಬರೀ 0.1 ಮೈಕ್ರೋಲೀಟರ್.

ಇಷ್ಟು ಇಕ್ಕಟ್ಟಿನಲ್ಲಿ ನೀರು ನಮಗೆ ಗೊತ್ತಿರುವ ನೀರಿನ ಹಾಗೆ ನಡೆದುಕೊಳ್ಳುವುದಿಲ್ಲ. ಹರಿವು ಸುಳಿಗಟ್ಟುತ್ತದೋ ಇಲ್ಲವೋ ಎಂಬುದನ್ನು ಹೇಳುವ ರೆನಾಲ್ಡ್ಸ್ ಸಂಖ್ಯೆ ಸೆಕೆಂಡಿಗೆ ಒಂದು ಮಿಲಿಮೀಟರ್ ವೇಗದಲ್ಲಿ ಇಲ್ಲಿ 0.1ರ ಆಸುಪಾಸಿನಲ್ಲಿರುತ್ತದೆ. ಪೈಪಿನಲ್ಲಿ ಸುಳಿ ಏಳಲು ಆ ಸಂಖ್ಯೆ 2000 ದಾಟಬೇಕು. ಹಾಗಾಗಿ ಎರಡು ದ್ರವಗಳನ್ನು ಒಂದೇ ನಾಳಕ್ಕೆ ಬಿಟ್ಟರೆ ಅವು ಕಲೆಯುವುದಿಲ್ಲ, ಪಕ್ಕಪಕ್ಕದಲ್ಲೇ ಹರಿದು ಹೋಗುತ್ತವೆ. ಕಲೆಯಲು ಉಳಿದಿರುವುದು ಅಣುಗಳ ಅಡ್ಡಾದಿಡ್ಡಿ ಅಲೆದಾಟ, ಅಂದರೆ ವಿಸರಣ, ಒಂದೇ ದಾರಿ.

ವಿಸರಣದ ಲೆಕ್ಕದಲ್ಲೇ ಚಿಪ್‌ನ ಬಲ ಅಡಗಿದೆ. ದೂರ ಹತ್ತು ಪಟ್ಟಾದರೆ ತಗಲುವ ಸಮಯ ನೂರು ಪಟ್ಟಾಗುತ್ತದೆ. ಒಂದು ಆಂಟಿಬಾಡಿ (ಗುರಿಯ ಅಣುವನ್ನು ಹುಡುಕಿ ಹಿಡಿಯುವ ಪ್ರೋಟೀನ್) 100 ಮೈಕ್ರೋಮೀಟರ್ ದೂರ ಅಲೆದು ದಾಟಲು ಸರಿಸುಮಾರು ಎರಡು ನಿಮಿಷ ಸಾಕು. ಒಂದು ಮಿಲಿಮೀಟರ್ ದಾಟಲು ಮೂರೂವರೆ ಗಂಟೆ ಬೇಕು. ಲ್ಯಾಬ್‌ನ 96 ಗುಳಿಗಳ ತಟ್ಟೆಯಲ್ಲಿ 100 ಮೈಕ್ರೋಲೀಟರ್ ದ್ರವ ಹಾಕಿದರೆ ಸುಮಾರು ಮೂರು ಮಿಲಿಮೀಟರ್ ಎತ್ತರ ನಿಲ್ಲುತ್ತದೆ. ಅಲ್ಲಿ ಗಂಟೆಗಟ್ಟಲೆ ಅಲುಗಾಡಿಸುತ್ತಾ ಕಾಯುವುದು ಅದಕ್ಕೇ. ಆಳ 50 ಮೈಕ್ರೋಮೀಟರ್‌ಗೆ ಇಳಿದರೆ ಅದೇ ಅಣು ಅರ್ಧ ನಿಮಿಷದಲ್ಲಿ ಗೋಡೆ ಮುಟ್ಟುತ್ತದೆ. ರಸಾಯನಶಾಸ್ತ್ರ ಬದಲಾಗಿಲ್ಲ, ಅಣು ನಡೆಯಬೇಕಾದ ದಾರಿ ಚಿಕ್ಕದಾಗಿದೆ.

ಆದರೆ ಆ ಎರಡು ನಿಮಿಷವೂ ನಾಳದಲ್ಲಿ ದೂರವಾಗಿ ಮಾರ್ಪಡುತ್ತದೆ ಎಂಬುದನ್ನು ಮರೆಯಬಾರದು. ಸೆಕೆಂಡಿಗೆ ಒಂದು ಮಿಲಿಮೀಟರ್ ಹರಿಯುತ್ತಿರುವಾಗ ಅಡ್ಡಕ್ಕೆ ಪೂರ್ತಿ ಕಲೆಯಲು ಹನ್ನೆರಡು ಸೆಂಟಿಮೀಟರ್ ಉದ್ದದ ನಾಳ ಬೇಕು. ಚಿಪ್‌ಗಳ ಚಿತ್ರದಲ್ಲಿ ಹಾವಿನಂತೆ ಮಡಚಿ ಮಡಚಿ ಹೋಗುವ ಗೆರೆ ಕಾಣುತ್ತದಲ್ಲ, ಅದು ಈ ಹನ್ನೆರಡು ಸೆಂಟಿಮೀಟರನ್ನು ಉಗುರಗಲದ ಜಾಗದಲ್ಲಿ ಹಿಡಿಸುವ ಉಪಾಯ. ನಾಳದ ತಳದಲ್ಲಿ ಮೀನಿನ ಮುಳ್ಳಿನ ಆಕಾರದ ಓರೆ ಗೀರುಗಳನ್ನು ಕೆತ್ತಿದರೆ ದ್ರವ ಸುರುಳಿಯಾಗಿ ತಿರುಚಿಕೊಂಡು ಇನ್ನೂ ಬೇಗ ಕಲೆಯುತ್ತದೆ. 2002ರಲ್ಲಿ ಬಂದ ಈ ವಿನ್ಯಾಸ ಇವತ್ತಿಗೂ ಬಳಕೆಯಲ್ಲಿದೆ.

ಇಕ್ಕಟ್ಟಿಗೆ ತೆರಬೇಕಾದ ಬೆಲೆಯೂ ಇದೆ. ಅಗಲವಾದ, ಆಳ ಕಡಿಮೆಯಿರುವ ನಾಳದಲ್ಲಿ ಹರಿವಿಗೆ ಎದುರಾಗುವ ತಡೆ ಆಳದ ಘನಕ್ಕೆ ವಿಲೋಮವಾಗಿರುತ್ತದೆ: ಆಳ ಅರ್ಧವಾದರೆ ತಡೆ ಎಂಟು ಪಟ್ಟು. ಕಾರ್ಖಾನೆಯಲ್ಲಿ 100 ಮೈಕ್ರೋಮೀಟರ್ ಆಗಬೇಕಿದ್ದ ಆಳ 90 ಆಗಿಬಿಟ್ಟರೆ ಅದೇ ಒತ್ತಡದಲ್ಲಿ ಹರಿವು ಸುಮಾರು 27 ಶೇಕಡಾ ಕುಸಿಯುತ್ತದೆ. ಕಣ್ಣಿಗೆ ಕಾಣದ ಹತ್ತು ಮೈಕ್ರೋಮೀಟರ್ ವ್ಯತ್ಯಾಸ ರಿಪೋರ್ಟ್‌ನ ಅಂಕಿಯನ್ನೇ ಅಲುಗಾಡಿಸಬಲ್ಲದು.

ಬೆರಳಿನಿಂದ ಚಿಪ್‌ನ ಬಾಯಿಗೆ

ಅತಿ ಹೆಚ್ಚು ತಪ್ಪುಗಳು ನಡೆಯುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಕೈಯನ್ನು ಸೋಪು, ಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಬೇಕು. ಹಣ್ಣು ಹೆಚ್ಚಿದ ಬೆರಳಿನಲ್ಲಿ ಉಳಿದ ಸಕ್ಕರೆ ಗ್ಲೂಕೋಸ್ ರೀಡಿಂಗನ್ನು ಸುಳ್ಳೇ ಏರಿಸಬಲ್ಲದು. ಮೀಟರ್ ಬಳಸುವ ರಕ್ತ ಒಂದು ಮೈಕ್ರೋಲೀಟರ್‌ಗಿಂತಲೂ ಕಡಿಮೆ, ಅದಕ್ಕೆ ಅಷ್ಟು ಸಕ್ಕರೆಯೇ ಬಹಳ. ಸ್ಪಿರಿಟ್ ಹಚ್ಚಿದರೆ ಪೂರ್ತಿ ಆರುವವರೆಗೂ ಕಾಯಬೇಕು. ಮಧ್ಯದ ಬೆರಳು ಅಥವಾ ಉಂಗುರ ಬೆರಳಿನ ತುದಿಯ ನಟ್ಟನಡುವೆ ಚುಚ್ಚದೆ ಸ್ವಲ್ಪ ಪಕ್ಕಕ್ಕೆ ಚುಚ್ಚಬೇಕು. ಮೊದಲ ಹನಿಯನ್ನು ಒರೆಸಿ ಎರಡನೆಯದನ್ನು ತೆಗೆದುಕೊಳ್ಳುವುದು ಹೆಚ್ಚಿನ ಕಾರ್ಟ್ರಿಜ್‌ಗಳ ಪದ್ಧತಿ, ಏಕೆಂದರೆ ಮೊದಲ ಹನಿಯಲ್ಲಿ ಚರ್ಮದಡಿಯ ಅಂಗಾಂಶದ ದ್ರವ ಬೆರೆತಿರುತ್ತದೆ.

ಹನಿ ಸರಿಯಾಗಿ ಬಾರದಿದ್ದಾಗ ಬೆರಳನ್ನು ಹಿಂಡಿ ಹಿಪ್ಪೆ ಮಾಡುವುದು ಎಲ್ಲ ಕಡೆಯ ಚಾಳಿ. ಹಿಂಡಿದರೆ ಅಂಗಾಂಶದ ದ್ರವ ಬೆರೆತು ರಕ್ತ ತೆಳುವಾಗುತ್ತದೆ, ಜೊತೆಗೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಎರಡನೆಯದು ಎಷ್ಟು ಕೆಟ್ಟದ್ದು ಎಂದು ಪೊಟ್ಯಾಸಿಯಂ ಉದಾಹರಣೆಯಲ್ಲಿ ನೋಡಬಹುದು. ಪ್ಲಾಸ್ಮಾದಲ್ಲಿ ಪೊಟ್ಯಾಸಿಯಂ ಲೀಟರಿಗೆ 4 ಮಿಲಿಮೋಲ್‌ನಷ್ಟು. ಕೆಂಪು ಕಣದ ಒಳಗೆ ಸುಮಾರು 100. ರಕ್ತದಲ್ಲಿ ಶೇಕಡಾ 45 ಭಾಗ ಕಣಗಳಿವೆ ಎಂದುಕೊಂಡು, ಅವುಗಳಲ್ಲಿ ನೂರಕ್ಕೆ ಒಂದು ಒಡೆದರೂ ಪ್ಲಾಸ್ಮಾಗೆ ಲೀಟರಿಗೆ 0.8 ಮಿಲಿಮೋಲ್‌ನಷ್ಟು ಹೆಚ್ಚುವರಿ ಪೊಟ್ಯಾಸಿಯಂ ಸೇರುತ್ತದೆ. 4.4 ಇದ್ದದ್ದು 5.2 ಎಂದು ಬರುತ್ತದೆ. ಆರೋಗ್ಯವಂತ ವ್ಯಕ್ತಿ ರಿಪೋರ್ಟ್‌ನಲ್ಲಿ ರೋಗಿಯಾಗುತ್ತಾನೆ. ದೊಡ್ಡ ಲ್ಯಾಬ್‌ನಲ್ಲಾದರೆ ಸೆಂಟ್ರಿಫ್ಯೂಜ್‌ನಿಂದ ಹೊರಬಂದ ಪ್ಲಾಸ್ಮಾ ಕೆಂಪಗಿರುವುದನ್ನು ಕಂಡು ಸ್ಯಾಂಪಲನ್ನು ತಿರಸ್ಕರಿಸುತ್ತಾರೆ. ಇಡೀ ರಕ್ತವನ್ನೇ ನುಂಗುವ ಕಾರ್ಟ್ರಿಜ್‌ನಲ್ಲಿ ಆ ಕೆಂಪು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ತಂತ್ರಜ್ಞಾನದ ಅತಿ ದೊಡ್ಡ ಕುರುಡು ಜಾಗ ಇದೇ.

ಹೆಪ್ಪುಗಟ್ಟುವ ಸಮಸ್ಯೆ ಇನ್ನೊಂದು. ಹೊರಬಂದ ರಕ್ತ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗತೊಡಗುತ್ತದೆ, 100 ಮೈಕ್ರೋಮೀಟರ್ ನಾಳ ಮುಚ್ಚಲು ಒಂದು ಸಣ್ಣ ಗರಣೆ ಸಾಕು. ಅದಕ್ಕಾಗಿ ಬಾಯಿಯಲ್ಲೇ ಹೆಪರಿನ್ ಅಥವಾ ಇಡಿಟಿಎ ಲೇಪಿಸಿರುತ್ತಾರೆ. ಯಾವುದು ಎಂಬುದು ಪರೀಕ್ಷೆಯ ಮೇಲೆ ನಿಂತಿದೆ: ಇಡಿಟಿಎ ಕ್ಯಾಲ್ಸಿಯಂ ಅನ್ನೇ ಹಿಡಿದು ಹೆಪ್ಪು ತಡೆಯುವುದರಿಂದ ಕ್ಯಾಲ್ಸಿಯಂ ಅಳೆಯುವಲ್ಲಿ ಅದು ಕೂಡದು, ಅದರ ಪೊಟ್ಯಾಸಿಯಂ ಲವಣ ಪೊಟ್ಯಾಸಿಯಂ ಪರೀಕ್ಷೆಯನ್ನೂ ಹಾಳುಮಾಡುತ್ತದೆ. ಹೆಪರಿನ್ ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಕ್ರಿಯೆಗೆ ಅಡ್ಡ ಬರುತ್ತದೆ. ಕೈಗೆ ಸಿಕ್ಕ ಟ್ಯೂಬಿನ ರಕ್ತವನ್ನು ಕಾರ್ಟ್ರಿಜ್‌ಗೆ ಹಾಕಬಾರದು ಎನ್ನುವುದು ಇದಕ್ಕೇ.

ಕಣ ಬೇರೆ, ಪ್ಲಾಸ್ಮಾ ಬೇರೆ

ಕೆಂಪು ರಕ್ತಕಣ 7-8 ಮೈಕ್ರೋಮೀಟರ್ ಅಗಲದ, ಬಾಗಬಲ್ಲ ಬಿಲ್ಲೆ. ಸಣ್ಣ ತೂತಿನ ಜರಡಿ ಇಟ್ಟರೆ ಮೊದಲ ಕೆಲವು ಸೆಕೆಂಡ್ ಚೆನ್ನಾಗಿ ಸೋಸುತ್ತದೆ, ಆಮೇಲೆ ಕಣಗಳು ಪದರಗಟ್ಟಿ ಜರಡಿಯನ್ನೇ ಮುಚ್ಚಿಬಿಡುತ್ತವೆ. ಅದಕ್ಕೆ ಪರಿಹಾರವಾಗಿ ಮೇಲೆ ದೊಡ್ಡ ತೂತು, ಕೆಳಗೆ ಬರುಬರುತ್ತಾ ಕಿರಿದಾಗುವ ತೂತು ಇರುವ ದಪ್ಪ ಪೊರೆಯನ್ನು ಬಳಸುತ್ತಾರೆ. ಕಣಗಳು ಒಂದೇ ಮಟ್ಟದಲ್ಲಿ ಗುಂಪುಗಟ್ಟದೆ ಪೊರೆಯ ಆಳದ ಉದ್ದಕ್ಕೂ ಹಂಚಿಹೋಗುತ್ತವೆ. ಇನ್ನೊಂದು ಚಂದದ ಉಪಾಯ ನಮ್ಮ ರಕ್ತನಾಳಗಳಿಂದಲೇ ಕಲಿತದ್ದು. ನಾಳ ಎರಡಾಗಿ ಕವಲೊಡೆದು ಒಂದು ಕವಲಿನಲ್ಲಿ ಹರಿವು ತುಂಬ ಹೆಚ್ಚಿದ್ದರೆ ಕಣಗಳು ಬಹುಪಾಲು ವೇಗದ ಕವಲಿಗೇ ಸೆಳೆದುಕೊಂಡು ಹೋಗುತ್ತವೆ, ನಿಧಾನದ ಕವಲಿಗೆ ಹೆಚ್ಚುಕಡಿಮೆ ಬರೀ ಪ್ಲಾಸ್ಮಾ ಇಳಿಯುತ್ತದೆ.

50 ಮೈಕ್ರೋಲೀಟರ್ ರಕ್ತದಲ್ಲಿ ಪ್ಲಾಸ್ಮಾ ಇರುವುದೇ 27-28 ಮೈಕ್ರೋಲೀಟರ್. ಪೊರೆ ಹೀರಿ ಉಳಿಸಿಕೊಂಡದ್ದು ಕಳೆದು ಅರ್ಧ ಕೈಗೆ ಸಿಕ್ಕರೆ ಅದೇ ದೊಡ್ಡದು. ರಕ್ತಹೀನತೆ ಇರುವವರಲ್ಲಿ ಪ್ಲಾಸ್ಮಾದ ಪಾಲು ಹೆಚ್ಚು, ನವಜಾತ ಶಿಶುಗಳಲ್ಲಿ ಕಣಗಳ ಪಾಲು ಹೆಚ್ಚು. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಉಪಕರಣ ಅಂಥವರಲ್ಲೇ ತಪ್ಪು ಹೇಳುತ್ತದೆ. ಹಳೆಯ ಗ್ಲೂಕೋಸ್ ಮೀಟರ್‌ಗಳು ಕಣಗಳ ಪಾಲು ಕಡಿಮೆಯಾದಾಗ ಸಕ್ಕರೆಯನ್ನು ಹೆಚ್ಚಾಗಿ ತೋರಿಸುತ್ತಿದ್ದುದು ಇದೇ ಕಾರಣಕ್ಕೆ.

ಪಂಪ್ ಇಲ್ಲದೆ ಓಡಿಸುವುದು

ದೀಪದ ಬತ್ತಿ ಎಣ್ಣೆ ಹೀರುವುದನ್ನು ಕಂಡವರಿಗೆ ಚಿಪ್‌ನ ಅತಿ ಅಗ್ಗದ ಪಂಪ್ ಯಾವುದೆಂದು ಹೇಳಬೇಕಾಗಿಲ್ಲ. ಗೋಡೆ ನೀರನ್ನು ಬಯಸುವಂತಿದ್ದರೆ ಕೇಶಾಕರ್ಷಣೆಯೇ ದ್ರವವನ್ನು ಮುಂದಕ್ಕೆ ಎಳೆಯುತ್ತದೆ. ನಮ್ಮ 100 ಮೈಕ್ರೋಮೀಟರ್ ನಾಳದಲ್ಲಿ ಈ ಎಳೆತ 25 ಸೆಂಟಿಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮ. ಆದರೆ ದ್ರವ ಮುಂದೆ ಹೋದಷ್ಟೂ ಹಿಂದೆ ಉಜ್ಜುವ ಗೋಡೆ ಉದ್ದವಾಗುತ್ತದೆ, ವೇಗ ತಗ್ಗುತ್ತದೆ. ಕ್ರಮಿಸಿದ ದೂರ ಕಾಲದ ವರ್ಗಮೂಲದಂತೆ ಬೆಳೆಯುತ್ತದೆ ಎಂಬ ವಾಶ್‌ಬರ್ನ್ ಸೂತ್ರ 1921ರದ್ದು. ಮೊದಲ ಸೆಂಟಿಮೀಟರ್‌ಗೆ ಹತ್ತು ಸೆಕೆಂಡ್ ಹಿಡಿದರೆ ನಾಲ್ಕು ಸೆಂಟಿಮೀಟರ್‌ಗೆ 160 ಸೆಕೆಂಡ್.

ಎಲ್ಲರಿಗೂ ಪರಿಚಯವಿರುವ ಗರ್ಭಪರೀಕ್ಷೆಯ ಸ್ಟ್ರಿಪ್, ಕೋವಿಡ್ ಆಂಟಿಜೆನ್ ಸ್ಟ್ರಿಪ್ ಇದೇ ತತ್ವದ ಮೇಲೆ ನಿಂತಿವೆ. ಸ್ಯಾಂಪಲ್ ಬೀಳುವ ಪ್ಯಾಡ್, ಅದರ ಮುಂದೆ ಚಿನ್ನದ ನ್ಯಾನೋಕಣ ಕಟ್ಟಿದ ಆಂಟಿಬಾಡಿ ಒಣಗಿಸಿಟ್ಟ ಪ್ಯಾಡ್, ಆಮೇಲೆ ನೈಟ್ರೋಸೆಲ್ಯುಲೋಸ್ ಪೊರೆ, ಕೊನೆಯಲ್ಲಿ ಉಳಿದದ್ದನ್ನೆಲ್ಲ ಹೀರುವ ದಪ್ಪ ಪ್ಯಾಡ್. ಈ ಕಣಗಳು ಹೆಚ್ಚಾಗಿ 20ರಿಂದ 40 ನ್ಯಾನೋಮೀಟರ್ ಗಾತ್ರದವು. ಚಿನ್ನ ಅಷ್ಟು ಚಿಕ್ಕದಾದಾಗ ಹಳದಿ ಕಾಣುವುದಿಲ್ಲ, 520 ನ್ಯಾನೋಮೀಟರ್ ಆಸುಪಾಸಿನ ಹಸಿರು ಬೆಳಕನ್ನು ಹೀರಿ ಮಾಣಿಕ್ಯದ ಕೆಂಪಾಗಿ ಕಾಣುತ್ತದೆ. ಹುಡುಕುತ್ತಿರುವ ಪ್ರೋಟೀನ್ ಇದ್ದರೆ ಅದರ ಒಂದು ಕಡೆಗೆ ಚಿನ್ನದ ಆಂಟಿಬಾಡಿ ಅಂಟಿಕೊಳ್ಳುತ್ತದೆ, ಇನ್ನೊಂದು ಕಡೆಯನ್ನು ಟೆಸ್ಟ್ ಗೆರೆಯ ಮೇಲೆ ಕೂತ ಆಂಟಿಬಾಡಿ ಹಿಡಿದು ನಿಲ್ಲಿಸುತ್ತದೆ. ಚಿನ್ನ ಅಲ್ಲಿ ಶೇಖರವಾಗಿ ಗೆರೆ ಮೂಡುತ್ತದೆ.

ಈ ಗೆರೆಯ ಅಗಲ ಒಂದು ಮಿಲಿಮೀಟರ್‌ನಷ್ಟು. ಸಾಮಾನ್ಯ ಪೊರೆಯೊಂದರಲ್ಲಿ ದ್ರವ ನಾಲ್ಕು ಸೆಂಟಿಮೀಟರ್ ಏರಲು 120 ಸೆಕೆಂಡ್ ತೆಗೆದುಕೊಂಡರೆ, ಒಂದೊಂದು ಅಣುವಿಗೂ ಗೆರೆಯ ಮೇಲೆ ಸಿಗುವುದು ಕೆಲವೇ ಸೆಕೆಂಡ್. ಅಷ್ಟರೊಳಗೆ ಹಿಡಿಯದಿದ್ದರೆ ಆ ಅಣು ಕೈತಪ್ಪಿದಂತೆಯೇ. ಹಾಗಾಗಿ ನಿಧಾನದ ಪೊರೆ ಹೆಚ್ಚು ಸೂಕ್ಷ್ಮ, ವೇಗದ ಪೊರೆ ಕಡಿಮೆ ಸೂಕ್ಷ್ಮ. ತಯಾರಕರು ದಿನವಿಡೀ ಹೆಣಗುವುದು ಈ ಒಂದು ಹೊಂದಾಣಿಕೆಯ ಮೇಲೆ.

ಬೇರೆ ಓಡಿಸುವ ವಿಧಾನಗಳೂ ಇವೆ. ಸಿಡಿ ಆಕಾರದ ಚಿಪ್ಪನ್ನು ತಿರುಗಿಸಿದರೆ ಸೆಂಟ್ರಿಫ್ಯೂಜ್ ಮತ್ತು ಪಂಪ್ ಎರಡೂ ಅದೇ ಆಗುತ್ತದೆ. ಪಿಕೊಲೊ ಎಂಬ ಉಪಕರಣ 100 ಮೈಕ್ರೋಲೀಟರ್ ರಕ್ತದಿಂದ ಸುಮಾರು 12 ನಿಮಿಷದಲ್ಲಿ ಹತ್ತಾರು ರಾಸಾಯನಿಕ ಪರೀಕ್ಷೆ ಮುಗಿಸುವುದು ಹೀಗೆ. ಐ-ಸ್ಟಾಟ್ ಎಂಬ ಕೈಯಲ್ಲಿ ಹಿಡಿಯುವ ರಕ್ತಪರೀಕ್ಷಾ ಉಪಕರಣದ ಕಾರ್ಟ್ರಿಜ್‌ನ ಕ್ರಮ ಇನ್ನೂ ಜಾಣ. ರಕ್ತ ತುಂಬಿ ಮುಚ್ಚಳ ಒತ್ತಿ ಉಪಕರಣದೊಳಗೆ ತೂರಿಸಿದ ಕೂಡಲೇ ಒಳಗಿನ ಪುಟ್ಟ ಪೊಟ್ಟಣ ಒಡೆದು, ಯಾವುದು ಎಷ್ಟಿದೆ ಎಂದು ಮೊದಲೇ ಗೊತ್ತಿರುವ ದ್ರಾವಣ ಮೊದಲು ಸೆನ್ಸರ್‌ಗಳ ಮೇಲೆ ಹರಿಯುತ್ತದೆ. ಸೆನ್ಸರ್‌ಗಳು ಆ ದ್ರಾವಣದಿಂದ ತಮ್ಮ ಅಳತೆಗೋಲನ್ನು ಸರಿಮಾಡಿಕೊಂಡ ಮೇಲೆ ಗಾಳಿ ಚೀಲವೊಂದು ಒತ್ತಿ ರಕ್ತವನ್ನು ಮುಂದಕ್ಕೆ ತಳ್ಳುತ್ತದೆ, ಅದು ದ್ರಾವಣವನ್ನು ಸರಿಸಿ ಅದರ ಜಾಗಕ್ಕೆ ಬರುತ್ತದೆ. ಪ್ರತಿ ಕಾರ್ಟ್ರಿಜ್ ಬಳಕೆಗೆ ಕೆಲವೇ ಕ್ಷಣ ಮೊದಲು ತನ್ನನ್ನೇ ಪರೀಕ್ಷಿಸಿಕೊಳ್ಳುವ ಈ ವಿನ್ಯಾಸವೇ ಅದನ್ನು ದಶಕಗಳಿಂದ ತುರ್ತು ಚಿಕಿತ್ಸಾ ಘಟಕಗಳಲ್ಲಿ ಉಳಿಸಿದೆ ಎಂಬುದು ನನ್ನ ಅಭಿಪ್ರಾಯ.

ಒಂದು ಗುಳ್ಳೆಯ ಕಥೆ

ಚಿಪ್ ಮಾಡುವವರನ್ನು ಯಾವುದು ಹೆಚ್ಚು ಕಾಡುತ್ತದೆ ಎಂದು ಕೇಳಿದರೆ ಬಹುತೇಕರು ಹೇಳುವುದು ಗಾಳಿಗುಳ್ಳೆ. ನೂರು ಮೈಕ್ರೋಮೀಟರ್ ನಾಳ ಎರಡು ಮಿಲಿಮೀಟರ್ ಅಗಲದ ಕೋಣೆಗೆ ತೆರೆದುಕೊಳ್ಳುವ ಜಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಹುಟ್ಟುವ ಬಗೆ ಕಾಣುತ್ತದೆ. ದ್ರವ ಕೋಣೆಯ ನಡುವಿನಿಂದ ಸಾಗುವುದಿಲ್ಲ. ಗೋಡೆ ಮತ್ತು ಮೂಲೆಗಳನ್ನು ಹಿಡಿದು ಎರಡೂ ಬದಿಯಿಂದ ಓಡುತ್ತದೆ. ಆ ಎರಡು ನಾಲಿಗೆಗಳು ಎದುರಿನ ಬಾಗಿಲಲ್ಲಿ ಕೂಡಿಕೊಂಡರೆ ನಡುವಿನ ಗಾಳಿ ಸಿಕ್ಕಿಬೀಳುತ್ತದೆ. ಆಮೇಲೆ ಅದನ್ನು ಕದಲಿಸುವುದು ಕಷ್ಟ, ಮೇಲ್ಮೈ ಸೆಳೆತ ಅದನ್ನು ಅಲ್ಲೇ ಮೊಳೆ ಹೊಡೆದಂತೆ ನಿಲ್ಲಿಸುತ್ತದೆ. ಸೆನ್ಸರ್ ಮೇಲೆ ಗುಳ್ಳೆ ಕೂತರೆ ಆ ಜಾಗಕ್ಕೆ ಸ್ಯಾಂಪಲ್ ಮುಟ್ಟುವುದೇ ಇಲ್ಲ.

ಪರಿಹಾರಗಳು ಸರಳ: ಮೂಲೆಗಳನ್ನು ದುಂಡಗೆ ಮಾಡುವುದು, ನಾಳ ಕೋಣೆಗೆ ಮೆಲ್ಲನೆ ಅಗಲವಾಗುವಂತೆ ಓರೆ ಕೊಡುವುದು, ಗಾಳಿ ಹೋಗಬಲ್ಲ ಆದರೆ ನೀರು ದಾಟದ ಪೊರೆಯ ಕಿಂಡಿ ಇಡುವುದು. ಕಾಯಿಸುವ ಚಿಪ್‌ಗಳಲ್ಲಿ ಮಾತ್ರ ಗುಳ್ಳೆ ಎರಡನೇ ಸಲವೂ ಹುಟ್ಟುತ್ತದೆ, ಏಕೆಂದರೆ ನೀರು ಬಿಸಿಯಾದಂತೆ ಅದರಲ್ಲಿ ಕರಗಿದ್ದ ಗಾಳಿ ಹೊರಬರುತ್ತದೆ. 95 ಡಿಗ್ರಿಗೆ ಏರುವ ಪಿಸಿಆರ್ ಕೋಣೆಯನ್ನು ಒತ್ತಡದಲ್ಲಿ ಮುಚ್ಚಿಡುವುದಕ್ಕೂ, ದ್ರಾವಣಗಳನ್ನು ಮುಂಚೆಯೇ ನಿರ್ವಾತದಲ್ಲಿಟ್ಟು ಗಾಳಿ ತೆಗೆಯುವುದಕ್ಕೂ ಇದೇ ಕಾರಣ.

ಒಂದು ಹನಿ ಸಾಕೇ?

ಎಲ್ಲ ಪರೀಕ್ಷೆಗೂ ಒಂದೇ ಹನಿ ಸಾಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ಉತ್ತರ ಏನನ್ನು ಹುಡುಕುತ್ತಿದ್ದೇವೆ ಎಂಬುದರ ಮೇಲಿದೆ.

ಹೃದಯಾಘಾತದಲ್ಲಿ ಏರುವ ಟ್ರೋಪೋನಿನ್-ಐ ಪ್ರೋಟೀನ್ ಲೀಟರಿಗೆ 20 ನ್ಯಾನೋಗ್ರಾಂ ಇದೆ ಎನ್ನೋಣ, ತೀರಾ ಅಲ್ಪ. ಆದರೂ 10 ಮೈಕ್ರೋಲೀಟರ್ ಪ್ಲಾಸ್ಮಾದಲ್ಲಿ ಅದರ ಸುಮಾರು 50 ಲಕ್ಷ ಅಣುಗಳಿರುತ್ತವೆ. ಎಣಿಕೆಗೆ ಕೊರತೆಯಿಲ್ಲ, ಅವುಗಳನ್ನು ಹಿಡಿಯುವಷ್ಟು ಒಳ್ಳೆಯ ಆಂಟಿಬಾಡಿ, ಓದುವಷ್ಟು ಚುರುಕಾದ ಸೆನ್ಸರ್ ಬೇಕು, ಅಷ್ಟೇ.

ರೋಗಾಣುಗಳ ವಿಷಯ ಬೇರೆ. ರಕ್ತಕ್ಕೆ ಸೋಂಕು ತಗಲಿ ಒಂದು ಮಿಲಿಲೀಟರ್‌ನಲ್ಲಿ 10 ಬ್ಯಾಕ್ಟೀರಿಯಾ ಇವೆ ಎಂದುಕೊಳ್ಳಿ. 10 ಮೈಕ್ರೋಲೀಟರ್ ಹನಿಯಲ್ಲಿ ಸರಾಸರಿ 0.1. ಅಂದರೆ ಹತ್ತು ಹನಿಗಳಲ್ಲಿ ಒಂಬತ್ತರಲ್ಲಿ ಒಂದು ಬ್ಯಾಕ್ಟೀರಿಯಾವೂ ಇರುವುದಿಲ್ಲ. ಜಗತ್ತಿನ ಅತ್ಯುತ್ತಮ ಸೆನ್ಸರ್ ಕೂಡ ಹನಿಯಲ್ಲಿ ಇಲ್ಲದ್ದನ್ನು ಕಾಣಲಾರದು. ಮಿಲಿಲೀಟರಿಗೆ 1000 ವೈರಸ್ ಪ್ರತಿಗಳಿದ್ದಾಗಲೂ ಆ ಹನಿಯಲ್ಲಿ ಸರಾಸರಿ 10 ಇದ್ದು, ಬರೀ ಆಕಸ್ಮಿಕದಿಂದಲೇ 7 ಬರಬಹುದು, 13 ಬರಬಹುದು. ಇದು ಎಂಜಿನಿಯರಿಂಗ್ ಸುಧಾರಣೆಯಿಂದ ದಾಟುವ ಗೋಡೆಯಲ್ಲ, ಎಣಿಕೆಯ ನಿಯಮ. ಯಾವುದೇ ಹೊಸ ಉಪಕರಣದ ಬಗ್ಗೆ ಓದುವಾಗ ಮೊದಲು ಈ ಗುಣಾಕಾರ ಮಾಡಿ ನೋಡುವುದು ಒಳ್ಳೆಯದು.

ಅದಕ್ಕಾಗಿಯೇ ಕ್ಷಯರೋಗ ಪತ್ತೆಯ ಜೀನ್‌ಎಕ್ಸ್‌ಪರ್ಟ್ ಹನಿಗಟ್ಟಲೆ ಸ್ಯಾಂಪಲ್‌ನಲ್ಲಿ ಕೆಲಸ ಮಾಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2010ರ ಡಿಸೆಂಬರ್‌ನಲ್ಲಿ ಅನುಮೋದಿಸಿದ ಈ ಪರೀಕ್ಷೆಯಲ್ಲಿ ಒಂದು ಪಾಲು ಕಫಕ್ಕೆ ಎರಡು ಪಾಲು ರೀಏಜೆಂಟ್ ಸೇರಿಸಿ ಕುಲುಕಿ 15 ನಿಮಿಷ ಬಿಡುತ್ತಾರೆ. ತೆಳುವಾದ ದ್ರವದಲ್ಲಿ ಕನಿಷ್ಠ 2 ಮಿಲಿಲೀಟರ್ ಕಾರ್ಟ್ರಿಜ್‌ಗೆ ಹೋಗುತ್ತದೆ. ಅಲ್ಲಿ ಸೋಸುಪೊರೆ ಬ್ಯಾಕ್ಟೀರಿಯಾಗಳನ್ನು ಹಿಡಿದಿಡುತ್ತದೆ, ಉಳಿದದ್ದು ತೊಳೆದುಹೋಗುತ್ತದೆ, ಅಲ್ಟ್ರಾಸೌಂಡ್ ಕಂಪನ ಬ್ಯಾಕ್ಟೀರಿಯಾಗಳನ್ನು ಒಡೆಯುತ್ತದೆ, ಹೊರಬಂದ ಡಿಎನ್‌ಎ ಒಣ ರೀಏಜೆಂಟ್ ಮಣಿಗಳೊಂದಿಗೆ ಕಲೆತು ಹಿಂಬದಿಯ ಚಪ್ಪಟೆ ಕೊಳವೆಗೆ ಸೇರುತ್ತದೆ. ಎರಡು ಗಂಟೆಯೊಳಗೆ ಕ್ಷಯ ಇದೆಯೇ, ಇದ್ದರೆ ಅದು ರಿಫಾಂಪಿಸಿನ್ ಔಷಧಕ್ಕೆ ಬಗ್ಗುತ್ತದೆಯೇ ಎರಡೂ ಗೊತ್ತಾಗುತ್ತದೆ. ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡು ಒಳಗೆ ಚಿಕ್ಕದಾಗಿಸುವುದು ಈ ವಿನ್ಯಾಸದ ಗುಟ್ಟು.

ಪಿಸಿಆರ್‌ಗೆ ಬೇಕಾದ ಬಿಸಿ-ತಣ್ಣಗಿನ ಆವರ್ತನ ಬ್ಯಾಟರಿಯನ್ನು ತಿಂದುಹಾಕುತ್ತದೆ. ಒಂದೇ ಉಷ್ಣತೆಯಲ್ಲಿ, 60ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಡಿಎನ್‌ಎ ಹೆಚ್ಚಿಸುವ ಲ್ಯಾಂಪ್ ವಿಧಾನ 2000ದಲ್ಲಿ ಬಂದದ್ದು ಚಿಕ್ಕ ಉಪಕರಣಗಳಿಗೆ ವರವಾಯಿತು. ಅದಕ್ಕೆ ನಾಲ್ಕರಿಂದ ಆರು ಪ್ರೈಮರ್ (ಪ್ರತಿ ತೆಗೆಯುವುದನ್ನು ಶುರುಮಾಡುವ ಪುಟ್ಟ ಡಿಎನ್‌ಎ ತುಣುಕು) ಬೇಕು. ಅವುಗಳ ವಿನ್ಯಾಸ ಕಷ್ಟ, ಸ್ವಲ್ಪ ತಪ್ಪಿದರೂ ತಮ್ಮತಮ್ಮಲ್ಲೇ ಜೋಡಿಯಾಗಿ ಸುಳ್ಳು ಪಾಸಿಟಿವ್ ಕೊಡುತ್ತವೆ.

ಮಾಡುವುದು ಹೇಗೆ

ಸಂಶೋಧನಾಲಯದಲ್ಲಿ ಚಿಪ್ ಎಂದರೆ ಹೆಚ್ಚಾಗಿ ಪಿಡಿಎಂಎಸ್ ಎಂಬ ಪಾರದರ್ಶಕ ಸಿಲಿಕೋನ್ ರಬ್ಬರ್. ಸಿಲಿಕಾನ್ ಬಿಲ್ಲೆಯ ಮೇಲೆ ಎಸ್‌ಯು-8 ಎಂಬ ಬೆಳಕಿಗೆ ಗಟ್ಟಿಯಾಗುವ ಅಂಟನ್ನು ಸುರಿದು ನಿಮಿಷಕ್ಕೆ 3000 ಸುತ್ತು ತಿರುಗಿಸುತ್ತಾರೆ. 2050 ಶ್ರೇಣಿಯದಾದರೆ ಸುಮಾರು 50 ಮೈಕ್ರೋಮೀಟರ್, 2100 ಶ್ರೇಣಿಯದಾದರೆ 100 ಮೈಕ್ರೋಮೀಟರ್ ದಪ್ಪದ ಪದರ ನಿಲ್ಲುತ್ತದೆ. 65 ಮತ್ತು 95 ಡಿಗ್ರಿಯಲ್ಲಿ ಬೇಯಿಸಿ, ನಾಳದ ನಕ್ಷೆಯಿರುವ ಮಾಸ್ಕ್ ಮೂಲಕ ಅತಿನೇರಳೆ ಬೆಳಕು ಬಿಟ್ಟು, ಮತ್ತೆ ಬೇಯಿಸಿ, ಗಟ್ಟಿಯಾಗದ ಭಾಗವನ್ನು ತೊಳೆದರೆ ಅಚ್ಚು ಸಿದ್ಧ. ಪಿಡಿಎಂಎಸ್ ಮತ್ತು ಗಟ್ಟಿಕಾರಕವನ್ನು ತೂಕದಲ್ಲಿ 10:1ರಂತೆ ಕಲಸಿ, ಗುಳ್ಳೆಗಳೆಲ್ಲ ಹೋಗುವವರೆಗೆ ನಿರ್ವಾತದಲ್ಲಿಟ್ಟು, ಅಚ್ಚಿನ ಮೇಲೆ ಸುರಿದು 65 ಡಿಗ್ರಿಯಲ್ಲಿ ಕೆಲವು ಗಂಟೆ ಬಿಡುತ್ತಾರೆ. ಸುಲಿದು ತೆಗೆದು, ತೂತು ಹೊಡೆದು, ಗಾಜಿನ ಜೊತೆ ಆಕ್ಸಿಜನ್ ಪ್ಲಾಸ್ಮಾದಲ್ಲಿ (ಇದು ರಕ್ತದ ಪ್ಲಾಸ್ಮಾ ಅಲ್ಲ, ವಿದ್ಯುದಾವೇಶ ಪಡೆದ ಅನಿಲ) ಅರ್ಧದಿಂದ ಒಂದು ನಿಮಿಷ ಇಟ್ಟು ಒತ್ತಿದರೆ ಎರಡೂ ಬಿಡದಂತೆ ಬೆಸೆಯುತ್ತವೆ. ಬೆಸುಗೆ ಹಿಡಿಯದಿದ್ದರೆ ಕಾರಣ ಹೆಚ್ಚಾಗಿ ಧೂಳು, ಇಲ್ಲವೇ ಪ್ಲಾಸ್ಮಾದಿಂದ ಹೊರತೆಗೆದ ಮೇಲೆ ತಡಮಾಡಿದ್ದು.

ಈ ರಬ್ಬರ್ ಕಾರ್ಖಾನೆಗೆ ಹೊಂದುವುದಿಲ್ಲ. ಪ್ಲಾಸ್ಮಾ ಕೊಟ್ಟ ನೀರಿನ ಒಲವು ಗಂಟೆಗಳಲ್ಲೇ ಕರಗತೊಡಗುತ್ತದೆ. ಇವತ್ತು ತಾನಾಗಿ ತುಂಬುವ ನಾಳ ಮುಂದಿನ ವಾರ ನೀರನ್ನು ಒಲ್ಲೆ ಎನ್ನುತ್ತದೆ. ಜಿಡ್ಡಿನ ಸ್ವಭಾವದ ಸಣ್ಣ ಅಣುಗಳನ್ನು ಅದು ಹೀರಿಕೊಳ್ಳುತ್ತದೆ, ಆವಿಯನ್ನು ಹೊರಗೆ ಬಿಡುತ್ತದೆ. ಆದ್ದರಿಂದ ಮಾರಾಟದ ಕಾರ್ಟ್ರಿಜ್‌ಗಳನ್ನು ಲೋಹದ ಅಚ್ಚಿನಲ್ಲಿ ಪಾಲಿಸ್ಟೈರೀನ್, ಅಕ್ರಿಲಿಕ್‌ನಂಥ ಗಟ್ಟಿ ಪ್ಲಾಸ್ಟಿಕ್‌ನಿಂದ ಎರಕ ಹೊಯ್ಯುತ್ತಾರೆ. ಪಿಡಿಎಂಎಸ್‌ನಲ್ಲಿ ಕೆಲಸ ಮಾಡಿದ ಕವಾಟ, ಪಂಪ್, ಬೆಸುಗೆ ಎಲ್ಲವನ್ನೂ ಆ ಪ್ಲಾಸ್ಟಿಕ್‌ಗೆ ಮೊದಲಿನಿಂದ ಯೋಚಿಸಬೇಕು. ಎಷ್ಟೋ ಒಳ್ಳೆಯ ಚಿಪ್‌ಗಳು ಲೇಖನದಲ್ಲೇ ಉಳಿದುಬಿಡುವುದು ಈ ಹೊಸ್ತಿಲಲ್ಲಿ. ಮೊದಲ ದಿನದಿಂದಲೇ ಗಟ್ಟಿ ಪ್ಲಾಸ್ಟಿಕ್‌ಗೆ ಹೊಂದುವ ನಕ್ಷೆ ಬಿಡಿಸುವುದು ವರ್ಷಗಟ್ಟಲೆ ಶ್ರಮ ಉಳಿಸುತ್ತದೆ.

ಉತ್ತರ ಓದುವಾಗ

ಸ್ಟ್ರಿಪ್‌ನ ಕಂಟ್ರೋಲ್ ಗೆರೆ ಮೂಡದಿದ್ದರೆ ಟೆಸ್ಟ್ ಗೆರೆ ಏನೇ ಹೇಳಲಿ, ಅದನ್ನು ಎಸೆದು ಹೊಸದು ತೆಗೆಯಬೇಕು. ಕಂಟ್ರೋಲ್ ಗೆರೆ ಹೇಳುವುದು ದ್ರವ ಹರಿದಿದೆ, ಚಿನ್ನದ ಕಣಗಳು ಅಲ್ಲಿವರೆಗೆ ತಲುಪಿವೆ ಎಂಬುದನ್ನು ಮಾತ್ರ. ಸ್ಯಾಂಪಲ್ ಸರಿಯಾಗಿತ್ತು ಎಂಬ ಖಾತ್ರಿಯನ್ನು ಅದು ಕೊಡುವುದಿಲ್ಲ. ಹೇಳಿದ ಸಮಯ ಮೀರಿದ ಮೇಲೆ ಓದಬಾರದು, ಒಣಗುತ್ತಿರುವ ಪೊರೆಯಲ್ಲಿ ಚಿನ್ನ ಹಿಂದಕ್ಕೆ ಸರಿದು ಮಸುಕು ಗೆರೆ ಕಾಣಬಹುದು. ಪೊಟ್ಟಣವನ್ನು ಪರೀಕ್ಷೆಗೆ ಮುಂಚೆ ಮಾತ್ರ ಹರಿಯಬೇಕು, ತೇವ ಹಿಡಿದ ಪ್ಯಾಡ್‌ನಿಂದ ಚಿನ್ನ ಸರಿಯಾಗಿ ಬಿಡುವುದಿಲ್ಲ.

ವಿಚಿತ್ರವೆಂದರೆ ಹುಡುಕುತ್ತಿರುವ ವಸ್ತು ಅತಿಯಾದರೂ ಗೆರೆ ಮಾಯವಾಗುತ್ತದೆ. ಚಿನ್ನದ ಆಂಟಿಬಾಡಿಗಳಿಗೂ ಗೆರೆಯ ಆಂಟಿಬಾಡಿಗಳಿಗೂ ಬೇರೆ ಬೇರೆ ಪ್ರೋಟೀನ್ ಅಣುಗಳು ಅಂಟಿಕೊಂಡು ಎರಡರ ನಡುವೆ ಸೇತುವೆಯೇ ಕಟ್ಟುವುದಿಲ್ಲ. ಇದು ಹುಕ್ ಪರಿಣಾಮ. ಲಕ್ಷಣ ಜೋರಾಗಿದ್ದು ಗೆರೆ ನೆಗೆಟಿವ್ ಇದ್ದರೆ ಸ್ಯಾಂಪಲನ್ನು ಹತ್ತು, ನೂರು ಪಟ್ಟು ತೆಳುವಾಗಿಸಿ ಮತ್ತೆ ನೋಡಬೇಕೆಂದು ಲ್ಯಾಬ್‌ನವರು ಹೇಳುವುದು ಇದಕ್ಕೆ.

ಪಾಸಿಟಿವ್ ಬಂದಾಗಲೂ ಲೆಕ್ಕ ಮುಗಿಯುವುದಿಲ್ಲ. ರೋಗ ಇರುವ 100 ಮಂದಿಯಲ್ಲಿ 95 ಮಂದಿಯನ್ನು ಹಿಡಿಯುವ, ರೋಗವಿಲ್ಲದ 100ರಲ್ಲಿ 98 ಮಂದಿಗೆ ಸರಿಯಾಗಿ ಇಲ್ಲವೆನ್ನುವ ಪರೀಕ್ಷೆಯನ್ನು, ನೂರಕ್ಕೆ ಒಬ್ಬರಿಗೆ ರೋಗವಿರುವ 10,000 ಜನರಲ್ಲಿ ಮಾಡೋಣ. ರೋಗಿಗಳು 100, ಸಿಕ್ಕಿದವರು 95. ಆರೋಗ್ಯವಂತರು 9,900, ಅವರಲ್ಲಿ ಸುಳ್ಳು ಪಾಸಿಟಿವ್ 198. ಒಟ್ಟು 293 ಪಾಸಿಟಿವ್‌ಗಳಲ್ಲಿ ನಿಜವಾದವು ಮೂರನೇ ಒಂದರಷ್ಟೂ ಇಲ್ಲ. ಅದೇ ಕಾರ್ಟ್ರಿಜ್ಜನ್ನು ಜ್ವರ, ಕೆಮ್ಮಿನಿಂದ ಬಂದವರಲ್ಲಿ, ಅರ್ಧ ಮಂದಿಗೆ ರೋಗವಿರುವ ಗುಂಪಿನಲ್ಲಿ ಬಳಸಿದರೆ ಪಾಸಿಟಿವ್‌ಗಳಲ್ಲಿ ನೂರಕ್ಕೆ 97-98 ನಿಜ. ಚಿಪ್ ಅದೇ, ಯಾರ ಬೆರಳಿಗೆ ಸೂಜಿ ಚುಚ್ಚಿದ್ದು ಎಂಬುದಷ್ಟೇ ಬೇರೆ.

ಬಳಸಿದ ಕಾರ್ಟ್ರಿಜ್ಜನ್ನು ಏನಾಗಿದೆ ನೋಡೋಣ ಎಂದು ಬಿಚ್ಚಬಾರದು. ಡಿಎನ್‌ಎ ಹೆಚ್ಚಿಸುವ ಪರೀಕ್ಷೆಯಾದರೆ ಒಳಗೆ ಅದರ ಕೋಟ್ಯಂತರ ಪ್ರತಿಗಳಿರುತ್ತವೆ. ಒಮ್ಮೆ ಅವು ಮೇಜಿಗೆ, ಕೈಗವಸಿಗೆ ಹರಡಿದರೆ ಅಲ್ಲಿ ಮುಂದೆ ಮಾಡುವ ಪರೀಕ್ಷೆಗಳೆಲ್ಲ ಸುಳ್ಳೇ ಪಾಸಿಟಿವ್ ಬರತೊಡಗುತ್ತವೆ. ಬ್ಲೀಚ್ ಸುರಿಯುವುದಂತೂ ಬೇಡವೇ ಬೇಡ: ಇಂಥ ಅನೇಕ ಕಿಟ್‌ಗಳ ದ್ರಾವಣದಲ್ಲಿ ಗ್ವಾನಿಡೀನ್ ಥಯೋಸಯನೇಟ್ ಇರುತ್ತದೆ, ಬ್ಲೀಚ್ ಸೇರಿದರೆ ಅದರಿಂದ ವಿಷಾನಿಲ ಹೊರಡುತ್ತದೆ. ಮುಚ್ಚಿದ್ದನ್ನು ಮುಚ್ಚಿದ ಹಾಗೇ ಸೋಂಕಿನ ತ್ಯಾಜ್ಯದ ಚೀಲಕ್ಕೆ ಹಾಕಿ, ಕೈಗವಸು ಬದಲಿಸಿ, ಆಮೇಲೆ ಮುಂದಿನ ಪೊಟ್ಟಣ ಹರಿಯಬೇಕು.